ಗೊಬ್ಬರದ ರಾಶಿಯಲ್ಲಿ ಎದ್ದ ಕುಂಬಳ

ಯಾರಾದರೂ ಪ್ರೀತಿಯಿಂದ ಕೊಟ್ಟದ್ದನ್ನು ತಿನ್ನದೆಯೇ ಹೊಗಳುವ ಕೆಟ್ಟ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ಸೋದರತ್ತೆಯ ಬೇಸನ್ ಉಂಡೆಯನ್ನು ಜೇಬಿನಲ್ಲಿಟ್ಟುಕೊಂಡೇ, ಬಾಯಲ್ಲಿ ಕರಗಿತು ಎಂದು ಹೇಳಿ ಇನ್ನೆರಡು ಗಿಟ್ಟಿಸಿದವನು ನಾನು. ಆದರೆ ಉಂಡೆ ಮೊಳೆಯುವುದಿಲ್ಲ. ಕುಂಬಳಕಾಯಿ ಮೊಳೆಯುತ್ತದೆ.

ಗೋವಾದ ಉಸಗಾಂವದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ, ಹಿಂದೆಯೇ ಮನೆ. ಅಂಗಡಿ ಗುಡಿಸಲು ಬರುವ ಗಂಗವ್ವ ವಿಜಯಪುರದ ಕಡೆಯವಳು. ತನ್ನ ಶೆಡ್ಡಿನ ಪಕ್ಕ, ಅದಿರು ಲಾರಿಗಳ ಕೆಂಪು ಧೂಳಿನಲ್ಲೇ, ತವರಿನ ಬೀಜ ಹಾಕಿ ಕುಂಬಳ ಬೆಳೆದು ಒಂದು ಕಾಯಿ ತಂದುಕೊಟ್ಟಳು. ಬೇಸಿಗೆ ರಜೆಗೆ ಹೆಂಡತಿ ಮಕ್ಕಳು ಧಾರವಾಡಕ್ಕೆ ಹೋಗಿದ್ದರು. ಅದನ್ನು ಹೆಚ್ಚಲು ನನಗೆ ಸೋಮಾರಿತನ. ನಾಳೆ ನಾಳೆ ಎನ್ನುತ್ತಲೇ ಕಾಯಿ ಕೊಳೆತು ನೀರೊಡೆಯಿತು. ಇಡಿಯಾಗಿ ಹಿತ್ತಲಿನ ಗೊಬ್ಬರದ ರಾಶಿಗೆ ಉರುಳಿಸಿ ತರಗೆಲೆ ಮುಚ್ಚಿದೆ. ಗಂಗವ್ವ ಕೇಳಿದಾಗ, ಬೆಲ್ಲ ಹಾಕಿ ಪಲ್ಯ ಮಾಡಿದೆ, ಎರಡು ರೊಟ್ಟಿ ಹೆಚ್ಚಿಗೇ ಹೋಯಿತು ಎಂದುಬಿಟ್ಟೆ.

ಮಳೆಗೆ ಮುಂಚೆ ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಕಟ್ಟಿಟ್ಟ ಬೀಜವನ್ನೆಲ್ಲ ಇಲಿ ತಿಂದಿತ್ತು. ಅವ್ವ ತೀರಿಕೊಂಡ ಮೇಲೆ ತವರಿನಲ್ಲೂ ಆ ಬೀಜ ಉಳಿದಿರಲಿಲ್ಲವಂತೆ. ನಾನು ಹೆಚ್ಚುವಾಗ ನಾಲ್ಕು ಬೀಜ ತೆಗೆದಿಟ್ಟಿದ್ದೇನೆಯೇ ಎಂದು ಕೇಳಿದಳು. ಹುರಿದು ತಿಂದೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಒಗ್ಗರಣೆ! ಅವಳು ಕಸಬರಿಗೆ ಹಿಡಿದಳು. ನನಗೆ ಅಂದು ಊಟ ಸೇರಲಿಲ್ಲ.

ಮಳೆ ಹಿಡಿದ ವಾರದಲ್ಲಿ ರಾಶಿಯ ಮೇಲೆ ಕುಂಬಳದ ಸಸಿಗಳೆದ್ದವು. ಕಿತ್ತೊಗೆದರೆ ನನ್ನ ಮಾನ ಉಳಿಯುತ್ತದೆ, ಅವಳ ಬೀಜ ಹೋಗುತ್ತದೆ. ಎರಡು ದಿನ ಕೈ ಚಾಚಿ ಹಿಂದೆಗೆದೆ. ಮೂರನೆಯ ದಿನ ಅವಳನ್ನು ಕರೆದು ತೋರಿಸಿದೆ. ಆದರೂ ಪೂರ್ತಿ ಒಳ್ಳೆಯವನಾಗಲು ನನ್ನಿಂದ ಆಗಲಿಲ್ಲ ನೋಡಿ. ನಾಲ್ಕು ಬೀಜ ನಾನೇ ಬಿತ್ತಿದ್ದೆ, ಮರೆತುಹೋಗಿತ್ತು ಎಂದೆ.

ಗಂಗವ್ವ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಬೊಗಸೆಯಷ್ಟು ಜಾಗದಲ್ಲಿ ಮೂವತ್ತು ನಲವತ್ತು ಸಸಿ ಒತ್ತೊತ್ತಾಗಿ ನಿಂತಿದ್ದವು.

"ಬಿತ್ತಿದ್ದು ಹಿಂಗ ಏಳೂದಿಲ್ರಿ ಸಾವ್ಕಾರ್ರ," ಎಂದಳು ಮೆಲ್ಲಗೆ. "ಇಡೀ ಕಾಯಿ ಬಿದ್ದಲ್ಲಿ ಹಿಂಗ ಏಳ್ತಾವ."

ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಅವಳು ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಬೇರು ಹರಿಯದಂತೆ ಒಂದೊಂದೇ ಸಸಿ ಬಿಡಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮೊನ್ನೆ ಆ ಬಳ್ಳಿಯ ಮೊದಲ ಕಾಯಿ ಬಲಿತಿತು. ಈ ಸಲ ಗಂಗವ್ವ ಕಾಯಿ ಕೊಡಲಿಲ್ಲ. ಪಲ್ಯವನ್ನೇ ಮಾಡಿ, ಬಿಸಿ ರೊಟ್ಟಿಯ ಜೊತೆ ಡಬ್ಬಿಯಲ್ಲಿ ತಂದು, ನಾನು ತಿಂದು ಮುಗಿಸುವವರೆಗೆ ಎದುರಿಗೇ ನಿಂತಳು. ದೇವರಾಣೆ, ರುಚಿಯಾಗಿತ್ತು. "ಭಾಳ ಚಲೋ ಆಗೇತಿ ಗಂಗವ್ವ," ಎಂದೆ, ಮನಸಾರೆ. ಅವಳು ಡಬ್ಬಿ ಎತ್ತಿಕೊಂಡು, ಬಗ್ಗಿ ಒಳಗೊಮ್ಮೆ ಇಣುಕಿ ನೋಡಿದಳು.