ಮೂರು ಬೆರಳು ಮರ

ಆ ಕೋವಿಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ತೊಂಬತ್ತೆಂಟರ ಡಿಸೆಂಬರಿನಲ್ಲಿ, ನಮ್ಮ ಯಜಮಾನರ ಬಾಯಲ್ಲಿ ಅರ್ಧ ಮುದ್ದೆ ಇರುವಾಗ.

"ಲಲಿತಾ, ಒಂದು ಕೋವಿ ತಂದಿದೀನಿ," ಅಂದರು. ಮೂಲಂಗಿ ತಂದಿದೀನಿ ಅನ್ನುವ ಹಾಗೆ.

ನಾನು ಸಾರಿನ ಸೌಟು ಎತ್ತಿದವಳು ಹಾಗೇ ನಿಂತೆ. ನಿಂತಲ್ಲೇ ಪ್ರತಿಜ್ಞೆ ಮಾಡಿದೆ: ಎಂಟು ದಿನದಲ್ಲಿ ಆ ಕೋವಿಯನ್ನು ಹೊಸಿಲು ದಾಟಿಸದಿದ್ದರೆ ನಾನು ಕಣಕಟ್ಟೆಯ ಹೆಣ್ಣೇ ಅಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅದರಲ್ಲೂ ಅರ್ಧ. ಆದರೆ ಬೇಡದ್ದನ್ನು ಮನೆಯಿಂದ ಓಡಿಸುವುದರಲ್ಲಿ ನಾನು ಬಿ.ಎ. ಪಾಸು. ಅವರ ಹಾರ್ಮೋನಿಯಂ ಹೋಯಿತು, ಜೇನುಪೆಟ್ಟಿಗೆ ಹೋಯಿತು, ಎಂಟು ಜೊತೆ ಪಾರಿವಾಳ ಹೋದವು. ಈ ಕೋವಿ ಯಾವ ದೊಡ್ಡ ವಿಷಯ!

ಯಜಮಾನರ ಹೆಸರು ಗಿಡ್ಡಯ್ಯ, ಆಳು ಆರಡಿ. ನಾನು ಅವರ ಎದೆಯ ಗುಂಡಿಗೆ ಬರುತ್ತೇನೆ, ಅಷ್ಟೆ. ಬೇಲೂರಿನ ಒಂದು ಸ್ಕೂಲಿನಲ್ಲಿ ಅಟೆಂಡರ್ ಆಗಿದ್ದು ಆ ವರ್ಷವೇ ನಿವೃತ್ತರಾಗಿದ್ದರು. ಮೂವತ್ತು ವರ್ಷ ಗಂಟೆ ಹೊಡೆದ ಕೈ ಸುಮ್ಮನಿರದೆ ಮನೆಯ ಗೋಡೆಗೆಲ್ಲ ಮೊಳೆ ಹೊಡೆಯುತ್ತಿತ್ತು.

"ಬುದ್ಧನ ಪಟ ಇರೋ ಮನೇಲಿ ಕೋವಿ ಯಾಕ್ರೀ? ಪ್ರತಿ ಭಾನುವಾರ ಪಂಚಶೀಲ ಹೇಳ್ತೀರಲ್ಲ, ಪ್ರಾಣ ತೆಗೆಯಲ್ಲ ಅಂತ."

"ಇದು ಗಾಳಿ ಕೋವಿ ಕಣೇ. ಎಣ್ಣೆ ಡಬ್ಬ ಹೊಡಿಯೋಕೆ. ಡಬ್ಬಕ್ಕೆ ಪ್ರಾಣ ಎಲ್ಲೈತೆ?"

ಕೋವಿ ಅಂದರೆ ಪೂರ್ತಿ ಕೋವಿಯೂ ಅಲ್ಲ. ಅರಸೀಕೆರೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಕಬ್ಬಿಣ ಇತ್ತು, ಭುಜಕ್ಕೆ ಒರಗಿಸುವ ಮರವನ್ನು ಗೆದ್ದಲು ತಿಂದು ಮುಗಿಸಿತ್ತು. ನೋಡಲು ಒಲೆ ಊದುವ ಕೊಳವೆಯ ದೊಡ್ಡಣ್ಣನ ಹಾಗಿತ್ತು.

"ಮರ ನಾನೇ ಕೂರಿಸ್ತೀನಿ. ಹಳೇಬೀಡಿನ ಕಂಬ ನೋಡಿದೀಯಲ್ಲ, ಹಂಗೆ ನುಣ್ಣಗೆ ಮಾಡ್ತೀನಿ. ಮುಖ ಕಾಣಬೇಕು."

"ಮುಖ ನೋಡ್ಕೊಳ್ಳೋಕೆ ಕನ್ನಡಿ ಐತಲ್ರೀ."

ಅವರು ನಗಲಿಲ್ಲ. ಆಗ ವಿಷಯ ಹೊರಬಿತ್ತು. ಅದೇ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದ ಜವರಪ್ಪ ಹೊಸ ಗಾಳಿ ಕೋವಿ ಕೊಂಡಿದ್ದನಂತೆ. ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, "ಗಿಡ್ಡಯ್ಯ, ನಿಮ್ಮೋರಿಗೆ ಕೋವಿ ಹೊರೋದು ಗೊತ್ತು. ಹೊಡಿಯೋದು ಎಲ್ಲಿ ಗೊತ್ತು?" ಅಂದನಂತೆ. ಅಂದದ್ದು ಸುಳ್ಳಲ್ಲ, ಅದಕ್ಕೇ ಚುಚ್ಚಿತ್ತು. ಯಜಮಾನರು ಹರೆಯದಲ್ಲಿ ನಾಲ್ಕು ವರ್ಷ ಊರ ಜಮೀನುದಾರರ ಬೇಟೆ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಅವರ ಹಿಂದೆ ಹೊತ್ತು ನಡೆದವರು. ಒಂದು ದಿನವೂ ಭುಜಕ್ಕೆ ಇಟ್ಟುಕೊಳ್ಳಲು ಬಿಟ್ಟಿರಲಿಲ್ಲ. ಈಗ ಪಂದ್ಯ ನಿಗದಿಯಾಗಿತ್ತು: ಸಂಕ್ರಾಂತಿ ಕಳೆದ ಭಾನುವಾರ, ಗೆಂಡೆಹಳ್ಳಿ ಕೆರೆಯ ಹಿಂದೆ, ತಲೆಗೆ ಐದು ಡಬ್ಬ.

"ನನ್ನ ಅಳತೆ ಕೋವಿ ಒಂದು ಸಲ ನನ್ನ ಭುಜಕ್ಕೆ ಕೂರಬೇಕು ಕಣೇ. ಗೆಲ್ಲೋದು ಸೋಲೋದು ಆಮೇಲೆ."

ಅವರ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಆದರೆ ಪ್ರತಿಜ್ಞೆ ಅಂದರೆ ಪ್ರತಿಜ್ಞೆ.

ಪಕ್ಕದ ಬೀದಿಯ ಆಚಾರಿ ಕೆಂಚಯ್ಯ ಯಜಮಾನರ ಮೂವತ್ತು ವರ್ಷದ ಗೆಳೆಯ. ಹಳೇ ಬಾಗಿಲುವಾಡದ ಹಲಸಿನ ತುಂಡೊಂದು ಕೊಟ್ಟ. ಅಲ್ಲಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಕಬ್ಬಿಣ ಮರದೊಳಗೆ ಸಂದಿಲ್ಲದೆ ಕೂರಲಿ ಅಂತ ಅದಕ್ಕೆ ನನ್ನ ಕಾಡಿಗೆ ಬಳಿಯುವುದು, ಮರಕ್ಕೆ ಒತ್ತುವುದು, ಕಪ್ಪು ಹತ್ತಿದ ಕಡೆ ಉಳಿಯಲ್ಲಿ ಕೆರೆಯುವುದು, ಮತ್ತೆ ಬಳಿಯುವುದು. ಕಾಡಿಗೆ ಡಬ್ಬಿ ಖಾಲಿಯಾಯಿತು. ಯಜಮಾನರ ಮೂಗು, ಬಾಗಿಲು, ಬೆಕ್ಕು ಎಲ್ಲ ಕಪ್ಪು. ಹಲಸಿನ ಹಳದಿ ಪುಡಿ ಮುದ್ದೆಯ ಮೇಲೆ, ಹಾಸಿಗೆಯ ಮೇಲೆ, ಬುದ್ಧನ ಪಟದ ಮೇಲೆ. ಆ ತಂದೆಯೊಬ್ಬ ಮಾತ್ರ ಶಾಂತವಾಗಿದ್ದ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಒಂದು ಬೆಳಿಗ್ಗೆ, "ಬಾ ಇಲ್ಲಿ, ನಿಂತ್ಕೋ," ಅಂದರು.

"ಯಾಕೆ?"

"ನನ್ನ ಭುಜ ನನಗೆ ಕಾಣಲ್ಲ. ನೀನು ಹಿಡ್ಕೊಂಡು ನಿಂತರೆ ಪಕ್ಕದಿಂದ ನೋಡಿ ಕೆತ್ತಬೋದು."

"ನಾನು ಮೂರು ಮೊಳ, ನೀವು ತೆಂಗಿನಮರ. ನನ್ನ ಅಳತೆ ನಿಮಗೆ ಹೆಂಗಾಯ್ತದೆ?"

"ನಿನ್ನ ಅಳತೆಗೆ ಮೂರು ಬೆರಳು ಸೇರಿಸಿದ್ರೆ ನನ್ನ ಅಳತೆ. ಲೆಕ್ಕ ಹಾಕಿದೀನಿ."

ಸರಿ, ನಿಂತೆ. ದಿನಾ ಬೆಳಿಗ್ಗೆ ಒಂದು ಗಂಟೆ. ಮರದ ಬಾಲ ಭುಜಕ್ಕೆ, ಕೆನ್ನೆ ಮರಕ್ಕೆ, ಒಂದು ಕಣ್ಣು ಮುಚ್ಚಿ. ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತಿತ್ತು, ಬಾಗಿಲಲ್ಲಿ ಸೊಪ್ಪಿನವಳು ಕೂಗುತ್ತಿರುತ್ತಿದ್ದಳು. "ಕದಲಬೇಡ," ಅನ್ನುತ್ತಿದ್ದರು ಇವರು. ಎದುರು ಮನೆಯ ಚಿಕ್ಕಮ್ಮ ಕಿಟಕಿಯಿಂದ ನೋಡಿ, "ಯಾರನ್ನ ಹೊಡಿಯೋಕೆ ಲಲಿತಕ್ಕ?" ಅಂದಳು. "ಮೊದಲು ಇವರನ್ನ, ಆಮೇಲೆ ನಿನ್ನ," ಅಂದೆ.

ಆ ಹೆಚ್ಚುವರಿ ಮೂರು ಬೆರಳು ಇತ್ತಲ್ಲ, ಅದು ನನ್ನ ಭುಜದ ಮೂಳೆಗೆ ಒತ್ತಿ ಒತ್ತಿ ಗುಳಿ ಬಿದ್ದಿತು. ಈಗ ನನ್ನ ತಪ್ಪೊಪ್ಪಿಗೆ ಕೇಳಿ. ಮಧ್ಯಾಹ್ನ ಇವರು ಪೇಪರ್ ಓದಲು ಲೈಬ್ರರಿಗೆ ಹೋಗುತ್ತಿದ್ದರು. ನಾನು ಮರವನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ತೆಂಗಿನಕಾಯಿ ತುರಿಯುವ ಮಣೆಯ ಹಲ್ಲಿಗೆ ಅದರ ಬಾಲ ಕೊಟ್ಟು ಸ್ವಲ್ಪ ತುರಿಯುತ್ತಿದ್ದೆ. ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಇದ್ದಲ್ಲೇ ಇಡುತ್ತಿದ್ದೆ. ಮೊದಲ ದಿನ ನೋವಿಗೆ ತುರಿದೆ. ಎರಡನೇ ದಿನ ಸಿಟ್ಟಿಗೆ ತುರಿದೆ. ಮೂರನೇ ದಿನದಿಂದ ಅದರಲ್ಲೊಂದು ಸುಖ ಸಿಕ್ಕಿತು. ಹೀಗೇ ಹೋದರೆ ಕೋವಿ ತಾನಾಗೇ ಪುಡಿಯಾಗಿ ಹೊಸಿಲು ದಾಟುತ್ತದೆ, ಎಂಟು ದಿನದ ಗಡುವು ಮೀರಿದರೂ ನನ್ನ ಪ್ರತಿಜ್ಞೆ ಉಳಿಯುತ್ತದೆ ಅಂದುಕೊಂಡೆ.

"ಚಟ್ನಿಗೆ ಏನು ಹಾಕಿದೀಯಾ? ಬಾಗಿಲು ತಿಂದಂಗೈತೆ," ಅಂದರು ಒಂದು ದಿನ.

"ಹೊಸ ಕಡ್ಲೆ," ಅಂದೆ.

ಆದರೆ ಇವರ ಬೆರಳು ಸುಮ್ಮನಿರಲಿಲ್ಲ. ದಿನಾ ಅಳೆಯುತ್ತಿದ್ದವರು ಹುಬ್ಬು ಗಂಟಿಕ್ಕಿದರು. "ಮೂರು ಬೆರಳು ಇದ್ದದ್ದು ಎರಡಾಗೈತೆ. ಇದು ಹಸಿ ಮರ. ಒಣಗಿ ಇಂಗ್ತಾ ಐತೆ." ಹಾಗಂದವರೇ ಕೆಂಚಯ್ಯನ ಮನೆಗೆ ಹೋಗಿ ಜಗಳವಾಡಿದರು. ನಲವತ್ತು ವರ್ಷ ಬಾಗಿಲಾಗಿ ನಿಂತ ಮರವನ್ನು ಹಸಿ ಅಂದರೆ ಯಾವ ಆಚಾರಿ ಸುಮ್ಮನಿರುತ್ತಾನೆ? ಮೂವತ್ತು ವರ್ಷದ ಗೆಳೆತನ ಮೂರು ಮಾತಿಗೆ ಮುರಿದುಬಿತ್ತು. ನನಗೆ ಅನ್ನ ಇಳಿಯಲಿಲ್ಲ. ಆದರೂ ಬಾಯಿ ಬಿಡಲಿಲ್ಲ, ತುರಿಯುವುದನ್ನೂ ಬಿಡಲಿಲ್ಲ.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಕೆಂಚಯ್ಯ ನಮ್ಮ ಬಾಗಿಲಿಗೆ ಬಂದು ನಿಂತ. ಯಜಮಾನರು ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಮರ ಮಿಂಚಿಸುತ್ತಿದ್ದರು. ನಿಜಕ್ಕೂ ಮುಖ ಕಾಣುತ್ತಿತ್ತು.

"ಏನ್ಲಾ ಗಿಡ್ಡಯ್ಯ, ವಾರದಿಂದ ನಿದ್ದೆ ಬಂದಿಲ್ಲ ನಂಗೆ. ಮರ ಅಡ್ಡಕ್ಕೆ ಇಂಗ್ತದೆ ಕಣ್ಲಾ, ಉದ್ದಕ್ಕೆ ಇಂಗಕ್ಕಿಲ್ಲ. ಯಾವ ಮರಾನೂ ಇಂಗಕ್ಕಿಲ್ಲ. ಕೊಡು ಇತ್ಲಾಗೆ."

ಮರದ ಬಾಲವನ್ನು ಬೆಳಕಿಗೆ ಹಿಡಿದ. ಬೆರಳಾಡಿಸಿದ. ಅಲ್ಲಿ ಸಣ್ಣ ಸಣ್ಣ ಗೀರು, ಬಿಲ್ಲಿನಾಕಾರದಲ್ಲಿ. ನಿಧಾನವಾಗಿ ತಲೆ ಎತ್ತಿ ನನ್ನ ಕಡೆ ನೋಡಿದ.

"ಅಕ್ಕಾ, ಒಂದು ಲೋಟ ನೀರು ಕೊಡು."

ಹಿಂದೆಯೇ ಅಡುಗೆಮನೆ ಬಾಗಿಲಿಗೆ ಬಂದ. ತುರಿಮಣೆಯ ಹಲ್ಲಿನ ಸಂದಿಯಲ್ಲಿ ಹಳದಿ ಪುಡಿ ಇನ್ನೂ ಇತ್ತು. "ನೀನೇ ಹೇಳ್ತೀಯೋ, ನಾನು ಹೇಳ್ಲೋ?" ಅಂದ.

ನಾನೇ ಹೇಳಿದೆ. ನಿಂತು ಹೇಳಲು ಆಗದೆ ಕೂತು ಹೇಳಿದೆ.

ಯಜಮಾನರು ಬೈಯಲಿಲ್ಲ. ಕೋವಿಯನ್ನು ಎತ್ತಿ ಭುಜಕ್ಕೆ ಇಟ್ಟುಕೊಂಡರು. ಮೊಳಕೈ ಮಡಚಿ ಕಟ್ಟಿ ಹಾಕಿದ ಕೋಳಿಯ ರೆಕ್ಕೆಯಂತಾಯಿತು. ಹೆಬ್ಬೆರಳು ಮೂಗಿಗೆ ಗುದ್ದಿತು. ಇಳಿಸಿದರು.

"ಒಂದು ತುಂಡು ಅಂಟಿಸ್ಲೇನೋ?" ಅಂದ ಕೆಂಚಯ್ಯ. "ಒಣಗೋಕೆ ಮೂರು ದಿನ ಬೇಕು."

"ನಾಳೆ ಪಂದ್ಯ," ಅಂದರು. ಅಂಗೈಯ ಎಣ್ಣೆ ಒರೆಸಿಕೊಂಡು, "ಲಲಿತಾ, ನಾಳೆ ನೀನೂ ಹೊರಡು," ಅಂದರು.

ಗೆಂಡೆಹಳ್ಳಿ ಕೆರೆಯ ಹಿಂದೆ ಜವರಪ್ಪ ಟೋಪಿ ಹಾಕಿಕೊಂಡು ನಿಂತಿದ್ದ. ಐದಕ್ಕೆ ಮೂರು ಡಬ್ಬ ಉರುಳಿಸಿದ. ನಮ್ಮವರು ಮೂಗಿಗೆ ಗುದ್ದಿಸಿಕೊಂಡು ಒಂದು ಹೊಡೆದರು. ಅದು ಸಗಣಿ ತಿಪ್ಪೆಗೆ ಬಿತ್ತು. ಜನ ನಕ್ಕರು. ಇವರು ಕೋವಿಯನ್ನು ತಂದು ನನ್ನ ಕೈಗಿಟ್ಟರು.

"ಅಳತೆ ನಿಂದು. ನೀನೇ ಹೊಡಿ."

"ನಂಗೆ ಬರಕ್ಕಿಲ್ಲ ಕಣ್ರೀ."

"ಒಂದು ತಿಂಗಳಿಂದ ಇನ್ನೇನು ಮಾಡ್ತಿದ್ದೆ? ನಿಂತ್ಕೋ. ಕದಲಬೇಡ."

ನಿಂತೆ. ಆ ಮರ ನನ್ನ ಭುಜಕ್ಕೆ ಮಗು ಒರಗಿದ ಹಾಗೆ ಒರಗಿತು. ಕೆನ್ನೆ ತಾನಾಗೇ ಬಾಗಿತು, ಕಣ್ಣು ತಾನಾಗೇ ಮುಚ್ಚಿತು. ನಾಲ್ಕಕ್ಕೆ ನಾಲ್ಕು ಡಬ್ಬ ಉರುಳಿದವು. ನಾನು ಹೊಡೆದೆನೋ, ತುರಿಮಣೆ ಹೊಡೆಯಿತೋ, ಆ ಬುದ್ಧನೇ ಬಲ್ಲ.

"ಹೆಂಗಸು ಹೊಡೆದದ್ದು ಲೆಕ್ಕಕ್ಕಿಲ್ಲ," ಅಂದ ಜವರಪ್ಪ.

"ಹಂಗಂತ ಡಬ್ಬಕ್ಕೆ ಹೇಳು, ಎದ್ದು ನಿಂತ್ಕೊಳ್ಲಿ," ಅಂದ ಕೆಂಚಯ್ಯ.

ಬಸ್ ಸ್ಟ್ಯಾಂಡಿನವರೆಗೂ ನಾನು ಎದೆ ಸೆಟೆಸಿ ಮುಂದೆ ಮುಂದೆ ನಡೆದೆ. "ಯಾರ ಮರ್ಯಾದೆ ಯಾರು ಉಳಿಸಿದ್ರು ನೋಡಿ," ಅನ್ನೋಣ ಅಂತ ಹಿಂದೆ ತಿರುಗಿದೆ. ಯಜಮಾನರು ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಹೊತ್ತುಕೊಂಡು, ನನ್ನ ಹಿಂದೆ ಬರುತ್ತಿದ್ದರು.

ಹೋಗಿ ಕೈಯಿಂದ ಕಿತ್ತುಕೊಂಡು ನಾನೇ ಹೊತ್ತೆ.

ಆಮೇಲೆ ನಾನೇ ಹತ್ತು ಸಲ ಹೇಳಿದೆ, ಕೆಂಚಯ್ಯನಿಂದ ತುಂಡು ಅಂಟಿಸಿಕೊಳ್ಳಿ ಅಂತ. "ಜೋಡಿಸಿದ ಮರ ಬೇಡ ಕಣೇ. ಕೂತಿರೋ ಭುಜಕ್ಕೆ ಕೂತಿರ್ಲಿ," ಅನ್ನುತ್ತಿದ್ದರು. ಎಂಟು ವರ್ಷ ಪ್ರತಿ ಯುಗಾದಿಗೆ ಎಣ್ಣೆ ತಿಕ್ಕಿದರು, ಒಂದು ದಿನವೂ ಭುಜಕ್ಕೆ ಇಟ್ಟುಕೊಳ್ಳಲಿಲ್ಲ.

ಎರಡು ಸಾವಿರದ ಏಳರಲ್ಲಿ ಕಾಯಿಲೆ ಬಿದ್ದರು. ಆರಡಿ ಆಳು ನಾಲ್ಕು ತಿಂಗಳಲ್ಲಿ ಬತ್ತಿ ಹೋದರು. ಬೆನ್ನು ಬಾಗಿತು, ಕೈ ಚಾಚಲು ಬಾರದೆ ಎದೆಯ ಹತ್ತಿರಕ್ಕೇ ಮಡಚಿಕೊಂಡಿತು. ಒಂದು ಸಂಜೆ ದಿಂಬಿಗೆ ಒರಗಿಸಿ ಗಂಜಿ ಕುಡಿಸಿದ ಮೇಲೆ, "ಅದನ್ನ ತಾ," ಎಂದು ಗೋಡೆಗೆ ತೂಗುಹಾಕಿದ್ದ ಕೋವಿ ತೋರಿಸಿದರು. ತಂದು ಭುಜಕ್ಕೆ ಆನಿಸಿ, ಕೊಳವೆಯನ್ನು ನಾನು ಹಿಡಿದುಕೊಂಡೆ. ಮೊಳಕೈ ರೆಕ್ಕೆಯಾಗಲಿಲ್ಲ, ಹೆಬ್ಬೆರಳು ಮೂಗಿಗೆ ತಾಗಲಿಲ್ಲ. ಎಲ್ಲ ಸರಿಯಾಗಿ ಕೂತಿತು. ಕೆನ್ನೆ ಮರಕ್ಕೆ ಕೊಟ್ಟು, ಒಂದು ಕಣ್ಣು ಮುಚ್ಚಿ, ಎದುರಿನ ಕಿಟಕಿಯನ್ನು ತುಂಬ ಹೊತ್ತು ನೋಡಿದರು.

ಅವರು ಮುಚ್ಚಿದ ಕಣ್ಣು ತೆರೆಯದೆಯೇ ಕೇಳಿದರು:

"ಇನ್ನೂ ಒಂಚೂರು ಉದ್ದ ಅನ್ನಿಸ್ತೈತೆ ಕಣೇ. ಅರ್ಧ ಬೆರಳು ತುರಿದು ಕೊಡ್ತೀಯಾ?"