ತೆಂಗಿನ ಮರದಲ್ಲಿ ಸಿಕ್ಕಿಕೊಂಡ ಬಜೆಟ್

ಹತ್ತೊಂಬತ್ತು ವರ್ಷಗಳಿಂದ ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದೇನೆ. ಸಾಲ ಕೇಳಲು ಬಂದವರನ್ನು ಎದುರಿಗೆ ಕೂರಿಸಿಕೊಂಡು "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನೋಡಿ" ಎಂದು ಬುದ್ಧಿ ಹೇಳುವುದು ನನ್ನ ಕೆಲಸದ ಒಂದು ಭಾಗ. ಅದಕ್ಕೆ ಸಂಬಳವೂ ಬರುತ್ತದೆ. ಹೀಗಿರುವಾಗ ಮೈಸೂರಿನಿಂದ ಎರ್ನಾಕುಲಕ್ಕೆ ವರ್ಗವಾಯಿತು. ಭಾಷೆ ಬಾರದ ಊರು ನಮ್ಮಂಥವರಿಗೆ ಪರದೇಶವೇ ಸರಿ. ಆದರೂ ಅಲ್ಲಿ ಸಂಸಾರ ನಡೆಸುವ ಖರ್ಚನ್ನು ಅಂದಾಜು ಮಾಡಲು ನನಗಿಂತ ಯೋಗ್ಯನಾದ ಮನುಷ್ಯ ಈ ಭೂಮಿಯ ಮೇಲೆ ಇರಬಹುದೆಂದು ನನಗೆ ಅನ್ನಿಸಲಿಲ್ಲ.

ನನ್ನ ಹೆಂಡತಿ ವಿಜಯಳಿಗೆ ಅನ್ನಿಸಿತು!

"ಇಲ್ಲಿ ಸ್ವಂತ ಮನೆ ಇದೆ, ನಿಧಿ ಸ್ಕೂಲ್ ಇದೆ. ಅಲ್ಲಿ ಎಲ್ಲ ದುಬಾರಿಯಂತೆ ಕಣ್ರೀ. ನೀವೊಬ್ರೇ ಹೋಗಿ ರೂಮ್ ಮಾಡ್ಕೊಂಡಿರಿ" ಎಂದಳು.

ಒಬ್ಬನೇ ರೂಮ್ ಮಾಡಿಕೊಂಡಿರುವ ಸುಖ ನನಗೆ ಗೊತ್ತಿದೆ. ಹಿಂದೆ ಕಲಬುರಗಿಯಲ್ಲಿ ಎರಡು ವರ್ಷ ಹಾಗೆಯೇ ಇದ್ದೆ. ಆಗ ಎರಡನೇ ಕ್ಲಾಸಿನಲ್ಲಿದ್ದ ನಿಧಿ ಫೋನಿನಲ್ಲಿ "ಊಟ ಆಯ್ತಾ ಅಪ್ಪ? ಸರಿ, ಇಡ್ಲಾ?" ಎನ್ನುತ್ತಿದ್ದಳು. ನಮ್ಮ ಗ್ರಾಹಕರೇ ನನ್ನ ಜೊತೆ ಅದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಮತ್ತೆ ಆ ಬಾಳು ನನಗೆ ಬೇಡವಾಗಿತ್ತು. ಇದನ್ನು ನೇರವಾಗಿ ಹೇಳಿದ್ದರೆ ಸಾಕಿತ್ತು. ನಾನು ಬಜೆಟ್ ಮಾಡಿದೆ.

ಮೂವತ್ತನಾಲ್ಕು ಸಾಲುಗಳ ಬಜೆಟ್. ಎರಡು ಕಡೆ ಮನೆ ಮಾಡುವುದಕ್ಕಿಂತ ಒಂದೇ ಕಡೆ ಎಲ್ಲರೂ ಇರುವುದು ಅಗ್ಗ ಎಂದು ಅದು ಸಾಧಿಸಿತು. ವಿಜಯ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಓಣಂವರೆಗೂ ನೋಡೋಣ. ಮನೇನ ಯಾರಿಗೂ ಬಾಡಿಗೆಗೆ ಕೊಡೋದು ಬೇಡ, ಬೀಗ ಹಾಕಿರ್ಲಿ. ನಿಮ್ಮ ಲೆಕ್ಕ ತಪ್ಪಿದ್ರೆ ನಾನೂ ನಿಧಿನೂ ವಾಪಸ್. ದಸರಾ ರಜೆ ಒಳಗೆ ಬಂದ್ರೆ ಹಳೇ ಸ್ಕೂಲಲ್ಲೇ ಸೇರಿಸ್ಕೊತಾರಂತೆ."

"ತಪ್ಪೋ ಮಾತೇ ಇಲ್ಲ!" ಎಂದೆ.

ಜೂನ್ ತಿಂಗಳಲ್ಲಿ ಬಂದಿಳಿದೆವು. ಮನೆ ಚೆನ್ನಾಗಿತ್ತು. ಕೆಳಗೆ ನಾವು, ಮಹಡಿಯ ಮೇಲೆ ಮನೆಯೊಡತಿ ಲೀಲಮ್ಮ ಚೇಚ್ಚಿ, ಅಂದರೆ ಲೀಲಮ್ಮಕ್ಕ. ಅಂಗಳದಲ್ಲಿ ಒಂದು ತೆಂಗಿನ ಮರ, ಅದರಲ್ಲಿ ಎರಡು ಗೊನೆ ಕಾಯಿ. "ಕಾಯೆಲ್ಲ ನೀವೇ ತಗೊಳ್ಳಿ ಸಾರ್, ನನಗೆ ಅಂಗಡಿಯಿಂದ ಬರುತ್ತೆ" ಎಂದು ಚೇಚ್ಚಿ ಬಿಡಿಸಿ ಬಿಡಿಸಿ ಮಲಯಾಳದಲ್ಲಿ ಹೇಳಿದರು. ಮರವಿರುವವರು ಅಂಗಡಿಯಿಂದ ಯಾಕೆ ತರಿಸುತ್ತಾರೆ ಎಂದು ಬುದ್ಧಿ ಇರುವವನು ಕೇಳುತ್ತಿದ್ದ. ನಾನು ಲ್ಯಾಪ್‌ಟಾಪ್ ತೆರೆದು 'ತೆಂಗಿನಕಾಯಿ' ಎಂಬ ಸಾಲಿನಲ್ಲಿ ಸೊನ್ನೆ ಬರೆದೆ. ತೆಂಗಿನ ನಾಡಿಗೆ ಬಂದು ಕಾಯಿಗೆ ದುಡ್ಡು ಕೊಡುವುದೆಂದರೆ ಸಮುದ್ರದ ದಂಡೆಯಲ್ಲಿ ಉಪ್ಪುನೀರು ಕೊಂಡಂತೆ!

ಮೊದಲ ತಿಂಗಳು ಮಳೆ ನನ್ನ ಬಜೆಟ್ಟನ್ನು ಒಂದು ಸುತ್ತು ತೊಳೆಯಿತು. ಬಟ್ಟೆ ಒಣಗುವುದಕ್ಕೆ ನಾನು ಯಾವ ಸಾಲನ್ನೂ ಇಟ್ಟಿರಲಿಲ್ಲ. ಒಗೆದದ್ದು ಒಣಗದೆ ನಿಧಿಗೆ ಇನ್ನೆರಡು ಜೊತೆ ಯೂನಿಫಾರ್ಮ್ ಬೇಕಾಯಿತು. ಅಲ್ಲಿನ ದಪ್ಪ ಕೆಂಪು ಮಟ್ಟ ಅಕ್ಕಿ ನನಗೆ ಸೇರಲಿಲ್ಲವೆಂದು ಮೈಸೂರಿನಿಂದ ಇಪ್ಪತ್ತೈದು ಕಿಲೋ ಸೋನಾ ಮಸೂರಿ ರೈಲಿನಲ್ಲಿ ಹೊತ್ತು ತಂದೆ. ಕೂಲಿ, ಆಟೋ ಸೇರಿಸಿದರೆ ಅದು ಬಾಸುಮತಿಗಿಂತ ದುಬಾರಿಯಾಯಿತು. ಅದೇ ಅಕ್ಕಿ ಎರಡು ಬೀದಿಯಾಚೆಯ ಅಂಗಡಿಯಲ್ಲೇ ಸಿಗುತ್ತದೆಂದು ಆಮೇಲೆ ತಿಳಿಯಿತು.

ಆದರೆ ನನ್ನನ್ನು ನಿಜವಾಗಿ ಮುಳುಗಿಸಿದ್ದು ಕಾಯಿ. ಕಾಯಿ ಮರದ ಮೇಲಿತ್ತು, ನಾವು ಕೆಳಗಿದ್ದೆವು. ಕೀಳುವವರು ಇರಲಿಲ್ಲ! ಅಂಗಡಿಯಲ್ಲಿ ಮೈಸೂರಿನಷ್ಟೇ ಬೆಲೆ. ಸಾಲದ್ದಕ್ಕೆ ವಿಜಯ ಚೇಚ್ಚಿಯಿಂದ ಕಾಯಿ ಅರೆದು ಹಾಕುವ ಅವಿಯಲು ಕಲಿತಳು, ನಿಧಿಗೆ ಬೆಳಗ್ಗೆ ಕಾಯಿತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಪುಟ್ಟೇ ಆಗಬೇಕಾಯಿತು. ವಾರಕ್ಕೆ ಎರಡು ಕಾಯಿ ಬಳಸುತ್ತಿದ್ದ ಮನೆ ವಾರಕ್ಕೆ ಎಂಟು ಕಾಯಿ ನುಂಗತೊಡಗಿತು. ನನ್ನ ಸೊನ್ನೆ ನನ್ನನ್ನೇ ನೋಡಿ ನಗುತ್ತಿತ್ತು.

ಚೇಚ್ಚಿ ಒಂದು ಫೋನ್ ನಂಬರ್ ಕೊಟ್ಟರು. ಮರ ಹತ್ತುವ ಶಾಜಿ ಒಂದು ವಾರದ ನಂತರ ಫೋನ್ ಎತ್ತಿ, ಇನ್ನೂ ಒಂದು ವಾರದ ನಂತರ ಸ್ಕೂಟರಿನಲ್ಲಿ ಬಂದ. ಮರವನ್ನು ನೋಡಿದ, ನನ್ನನ್ನು ನೋಡಿದ.

"ಹತ್ತು ಮರ ಇದ್ದರೆ ಮರಕ್ಕೆ ನೂರು. ಒಂದೇ ಮರಕ್ಕೆ ಬರಬೇಕಾದರೆ ಐನೂರು" ಎಂದನಂತೆ. ನಮಗೂ ಅವನಿಗೂ ನಡುವೆ ದುಭಾಷಿಯಾಗಿ ನಿಂತವಳು ನಿಧಿ. ಎರಡು ತಿಂಗಳಲ್ಲಿ ಅವಳು ಮಲಯಾಳ ಕಲಿತು, ಕನ್ನಡದಲ್ಲಿ ಕೇಳಿದ್ದಕ್ಕೂ ಮಲಯಾಳದಲ್ಲೇ ಉತ್ತರಿಸುವ ಮಟ್ಟ ಮುಟ್ಟಿದ್ದಳು.

"ಐನೂರಾ! ಹೋಗೋಕೆ ಹೇಳು" ಎಂದೆ.

"ಕೊಟ್ಬಿಡ್ರೀ, ಪಾಪ. ಜೀವ ಒತ್ತೆ ಇಟ್ಟು ಹತ್ತೋ ಕೆಲಸ" ಎಂದಳು ವಿಜಯ.

ನಾನು ಕೇಳಲಿಲ್ಲ. ಯಾಕೆಂದರೆ ಹಿಂದಿನ ವಾರವಷ್ಟೇ ಟ್ರೈನಿಂಗಿಗೆಂದು ತಿರುವನಂತಪುರಕ್ಕೆ ಹೋಗಿದ್ದಾಗ, ಹಾಸ್ಟೆಲ್ಲಿನ ತೋಟದಲ್ಲಿ ಒಬ್ಬಾತ ಕಬ್ಬಿಣದ ಯಂತ್ರಕ್ಕೆ ಪಾದ ಸಿಕ್ಕಿಸಿಕೊಂಡು ಟಕಟಕನೆ ಮರ ಹತ್ತಿದ್ದನ್ನು ನೋಡಿದ್ದೆ. ಹತ್ತು ನಿಮಿಷ ನಿಂತು ನೋಡಿದೆ. ಕಲಿತೆ! ಅಂದರೆ, ಹತ್ತುವುದನ್ನು ಕಲಿತೆ. ಆತ ಇಳಿಯುವ ಹೊತ್ತಿಗೆ ಟೀ ಬ್ರೇಕ್ ಮುಗಿದಿತ್ತು.

ಭಾನುವಾರ ಆಲುವಕ್ಕೆ ಹೋಗಿ ಎರಡು ಸಾವಿರದ ಆರುನೂರು ಕೊಟ್ಟು ಯಂತ್ರ ತಂದೆ. ಎರಡು ಕಬ್ಬಿಣದ ಚೌಕಟ್ಟು, ಮರವನ್ನು ಬಳಸುವ ತಂತಿ ಹಗ್ಗ, ಪಾದವಿಡಲು ಜಾಗ. ಮೆಟ್ರೋದಲ್ಲಿ ತರುವ ಯೋಚನೆಯಿತ್ತು. ಬಾಗಿಲಲ್ಲಿ ನಿಂತಿದ್ದವರು ಆ ಕಬ್ಬಿಣವನ್ನೂ ನನ್ನ ಮುಖವನ್ನೂ ನೋಡಿ ಬೇಡವೆಂದರು. ಆಟೋಗೆ ಆರುನೂರೈವತ್ತು ಕೊಟ್ಟೆ. ಇದೆಲ್ಲ ಬಂಡವಾಳ, ಖರ್ಚಲ್ಲ ಎಂದು ಮನಸ್ಸಿಗೆ ಸಾಲ ಮಂಜೂರು ಮಾಡಿಕೊಂಡೆ.

"ಬೇಡ ಕಣ್ರೀ. ನಿಮಗೆ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೇ ತಲೆ ತಿರುಗತ್ತೆ" ಎಂದಳು ವಿಜಯ.

"ಸ್ಟೂಲ್ ಬೇರೆ, ಮರ ಬೇರೆ" ಎಂದೆ. ಅದು ನಿಜವೇ ಆಗಿತ್ತು.

ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ನನಗೇ ಆಶ್ಚರ್ಯವಾಗುವಂತೆ ಮೇಲೆ ಹೋದೆ. ಕೆಳಗೆ ನಿಧಿ ಚಪ್ಪಾಳೆ ತಟ್ಟಿದಳು. ಮಗಳು ನನ್ನನ್ನು ಅಷ್ಟು ಮೆಚ್ಚಿ ನೋಡಿದ್ದು ನೆನಪಿಲ್ಲ. ಆ ಹುರುಪಿನಲ್ಲಿ ಮಹಡಿಯ ಕಿಟಕಿಯ ಎತ್ತರಕ್ಕೆ ತಲುಪಿ, ಕತ್ತಿಗಾಗಿ ಸೊಂಟಕ್ಕೆ ಕೈ ಹಾಕಿದೆ. ಕತ್ತಿ ಇರಲಿಲ್ಲ. ಎಲ್ಲಿದೆ ಎಂದು ಕೆಳಗೆ ನೋಡಿದೆ.

ಕತ್ತಿ ತುಳಸಿ ಕುಂಡದ ಪಕ್ಕದಲ್ಲಿತ್ತು. ಬಹಳ ಚಿಕ್ಕದಾಗಿ ಕಾಣುತ್ತಿತ್ತು!

ಅಷ್ಟೇ. ಕೈಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ಮರವನ್ನು ಎರಡೂ ತೋಳಿನಿಂದ ತಬ್ಬಿಕೊಂಡೆ. ಮದುವೆಯಾದ ಹದಿನಾರು ವರ್ಷಗಳಲ್ಲಿ ಯಾರನ್ನೂ ನಾನು ಅಷ್ಟು ಗಟ್ಟಿಯಾಗಿ ತಬ್ಬಿಕೊಂಡದ್ದಿಲ್ಲ.

"ಇಳೀರೀ!" ಎಂದಳು ವಿಜಯ.

"ಇಳಿಯೋ ಭಾಗ ನಾನು ನೋಡಿಲ್ಲ!" ಎಂದೆ.

ಕಿಟಕಿ ತೆರೆಯಿತು. ನನ್ನ ಮೂಗಿನಿಂದ ಒಂದು ಮಾರು ದೂರದಲ್ಲಿ ಲೀಲಮ್ಮ ಚೇಚ್ಚಿಯ ಮುಖ. ಅವರು ಮೊದಲು ದೇವರನ್ನು ಕರೆದರು. ಆಮೇಲೆ "ಪೇಡಿಕ್ಕಂಡ ಸಾರೇ" ಎಂದು, ಹೆದರಬೇಡಿ ಎಂದು ಧೈರ್ಯ ಹೇಳಿದರು. ನನಗೆ ಏನು ಸಹಾಯ ಮಾಡಬಹುದೆಂದು ಪಾಪ ಸ್ವಲ್ಪ ಹೊತ್ತು ಯೋಚಿಸಿ, ಮನೆಗೆ ಬಂದವರನ್ನು ಕೇಳುವಂತೆಯೇ ಕೇಳಿದರು: "ಚಾಯ ವೇಣೋ?"

ಟೀ ಬೇಡವೆಂದೆ. ಅವರು ಶಾಜಿಗೆ ಫೋನ್ ಮಾಡಿದರು. ಈ ಸಲ ಅವನು ಹತ್ತೇ ನಿಮಿಷದಲ್ಲಿ ಬಂದ. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಗೇಟಿನ ಹತ್ತಿರ ಸೇರಿದ್ದರು. ಶಾಜಿ ಮರವನ್ನು ನೋಡಿದ, ನನ್ನನ್ನು ನೋಡಿದ, ನಿಧಿಯ ಹತ್ತಿರ ಏನೋ ಕೇಳಿದ.

"ಅಮ್ಮಾ, ಮೊದಲು ತೆಂಗಿನಕಾಯಿ ಇಳಿಸ್ಬೇಕಾ, ಅಪ್ಪನ್ನ ಇಳಿಸ್ಬೇಕಾ ಅಂತ ಕೇಳ್ತಿದಾನೆ." ಆ ವಾರ ಅವಳ ಬಾಯಿಂದ ಬಂದ ಒಂದೇ ಪೂರ್ತಿ ಕನ್ನಡ ವಾಕ್ಯ ಅದು.

ವಿಜಯ ತಕ್ಷಣ ಉತ್ತರ ಕೊಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಏಣಿ ಬಂತು. ಶಾಜಿ ನನ್ನ ಒಂದೊಂದೇ ಪಾದವನ್ನು ಹಿಡಿದು, ಅಂಬೆಗಾಲಿಡುವ ಮಗುವನ್ನು ಮೆಟ್ಟಿಲು ಇಳಿಸುವಂತೆ ಇಳಿಸಿದ. ನೆಲ ಇನ್ನು ಮೂರಡಿ ಇದೆ ಎನ್ನುವಾಗ ನನ್ನ ಮಾನ ಎಚ್ಚೆತ್ತು "ಇನ್ನು ನಾನೇ ಇಳಿತೀನಿ" ಎಂದು ಧುಮುಕಿದೆ. ಪಾದ ಉಳುಕಿತು. ಆಮೇಲೆ ಅವನು ಯಂತ್ರವನ್ನು ಪಕ್ಕಕ್ಕೆ ತಳ್ಳಿ, ಬರೀ ಹಗ್ಗದಲ್ಲಿ ಹತ್ತಿ ಕಾಯಿ ಕಿತ್ತ. ಎಲ್ಲ ಎಳೆಯದು. ಬಲಿತದ್ದು ಆರೇ ಆರು!

ಸಂಜೆ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಹಾಸಿಗೆಯ ಮೇಲೆ ಕೂತಿದ್ದೆ. ವಿಜಯ ಲ್ಯಾಪ್‌ಟಾಪ್ ತಂದು ಎದುರಿಗೆ ಇಟ್ಟಳು. ಓಣಂಗೆ ನಾಲ್ಕು ದಿನ ಉಳಿದಿತ್ತು. ಯಂತ್ರ, ಆಟೋ, ಶಾಜಿಗೆ ಎಂಟುನೂರು, ಡಾಕ್ಟರು ಮತ್ತು ಎಕ್ಸ್‌ರೇಗೆ ಸಾವಿರದ ಮುನ್ನೂರೈವತ್ತು. ಕಾಯಿ ಒಂದಕ್ಕೆ ಒಂಬೈನೂರು ರೂಪಾಯಿ ಬಿದ್ದಿತ್ತು.

ಲ್ಯಾಪ್‌ಟಾಪ್ ಮುಚ್ಚಿದೆ. "ಲೆಕ್ಕ ತಪ್ಪಿದೆ ವಿಜೀ. ಅಕ್ಕಿನೂ ತಪ್ಪು, ಮಳೆನೂ ತಪ್ಪು, ಕಾಯಿನೂ ತಪ್ಪು. ನನಗೆ ಒಬ್ಬನೇ ಇರೋಕೆ ಆಗಲ್ಲ, ಅದಕ್ಕೆ ಬಜೆಟ್ ಮಾಡಿದ್ದು" ಎಂದುಬಿಟ್ಟೆ.

ಅವಳು ಫೋನ್ ತೆಗೆದುಕೊಂಡು ಮೈಸೂರಿನಲ್ಲಿರುವ ತಮ್ಮನಿಗೆ ಹಚ್ಚಿದಳು. ಟಿಕೆಟ್ ಮಾಡಿಸಲು ಹೇಳುತ್ತಾಳೆ ಎಂದುಕೊಂಡು ಕಣ್ಣು ಮುಚ್ಚಿದೆ.

"ಹ್ಞೂ ಕಣೋ, ಮನೇನ ಬಾಡಿಗೆಗೆ ಕೊಟ್ಬಿಡು. ನಾವು ಇಲ್ಲೇ ಇರ್ತೀವಿ... ಇಲ್ಲ, ಖರ್ಚೇನೂ ಕಡಿಮೆ ಇಲ್ಲ. ಇವ್ರನ್ನ ಒಬ್ರನ್ನೇ ಬಿಟ್ರೆ ಅದಕ್ಕಿಂತ ಜಾಸ್ತಿ ಆಗತ್ತೆ!"

ಮೂವತ್ತನಾಲ್ಕು ಸಾಲುಗಳಿಂದ ಆಗದ ಕೆಲಸ ಒಂದು ಉಳುಕಿದ ಪಾದದಿಂದ ಆಯಿತು.

ಈಗ ಬಜೆಟ್ ವಿಜಯಳ ಕೈಯಲ್ಲಿದೆ. ನಿಧಿಯ ಹಳೇ ನೋಟ್‌ಬುಕ್ಕಿನ ಒಂದೇ ಹಾಳೆ, ಒಟ್ಟು ಏಳು ಸಾಲು. ಮೂರು ತಿಂಗಳಿಂದ ಒಮ್ಮೆಯೂ ತಪ್ಪಿಲ್ಲ. ಮೊನ್ನೆ ಕದ್ದು ನೋಡಿದೆ. 'ಇವರ ಉಳಿತಾಯ' ಎಂಬ ಸಾಲನ್ನು ಅವಳು ಖರ್ಚಿನ ಕಡೆಗೆ ಬರೆದಿದ್ದಾಳೆ. ಮನೆ ಬಾಡಿಗೆಯೊಂದನ್ನು ಬಿಟ್ಟರೆ ಅದೇ ದೊಡ್ಡ ಮೊತ್ತ!