ವಿಮಾನದ ಹೊಟ್ಟೆಯ ಗಾಜು

ಗಾಜು ಒರೆಸುವ ಬಟ್ಟೆಯಲ್ಲಿ ಸಾಹೇಬರ ಬೂಟು ಒರೆಸಿದ್ದೇ ಎಲ್ಲಕ್ಕೂ ಮೂಲ. ಒರೆಸಿದವನು ಹಸಿರಪ್ಪ. ವಿಮಾನದಲ್ಲಿ ಕೂತು ಸಮುದ್ರದ ಹಸಿರು ಅಳೆಯುವವನಿಗೆ ಕಚೇರಿಯವರು ಇಟ್ಟ ಹೆಸರು ಅದು. ವರ್ಷಗಟ್ಟಲೆಯಿಂದ ಹಂಗಾಮಿ ನೌಕರ. ಆ ದಿನ ಇಲಾಖೆಯ ದೊಡ್ಡ ಮೇಡಂ ಬರುವವರಿದ್ದರು; ಅವರು ಮನಸ್ಸು ಮಾಡಿದರೆ ಕೆಲಸ ಖಾಯಂ. ಬೆಳಿಗ್ಗೆ ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು: "ನೋಡ್ರೀ, ನಮ್ಮೋರು ವಿಮಾನದಲ್ಲೇ ಓಡಾಡೋದು ಅಂತ ಬೀದಿಗೆಲ್ಲ ಹೇಳಿಟ್ಟಿದ್ದೀನಿ. ಖಾಯಂ ಆಗದೆ ಮನೆಗೆ ಬರಬೇಡಿ."

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ವಿಮಾನದ ಹೊಟ್ಟೆಯಲ್ಲೊಂದು ಗಾಜು. ಅದರ ಮೂಲಕ ಲೇಸರ್ ಬೆಳಕು ಬಿಟ್ಟರೆ ನೀರಿನಲ್ಲಿ ತೇಲುವ ಸಣ್ಣ ಪಾಚಿಯ ಹಸಿರು, ಅಂದರೆ ಕ್ಲೋರೊಫಿಲ್, ಕೆಂಪಗೆ ಮಿನುಗುತ್ತದೆ. ಮಿನುಗು ಹೆಚ್ಚಿದಷ್ಟೂ ಹಸಿರು ಹೆಚ್ಚು, ಮೀನಿಗೆ ಮೇವು ಹೆಚ್ಚು. ಹಾರುವ ಮೊದಲು ಗಾಜು ಒರೆಸಬೇಕು, ಅಷ್ಟೇ. ಬಟ್ಟೆ ಬೂಟಿಗೆ ಹೋಗಿತ್ತು. "ಒಂದು ದಿನ ಒರೆಸದಿದ್ರೆ ಸಮುದ್ರ ಬತ್ತಿ ಹೋಗಲ್ಲ, ಹತ್ತಯ್ಯ," ಎಂದರು ಸಾಹೇಬರು, ಕಾಲಿನ ಹೊಳಪು ನೋಡಿಕೊಳ್ಳುತ್ತ.

ಸಮುದ್ರದ ಮೇಲೆ ಹೋಗುತ್ತಲೇ ಹಸಿರು ಅಳೆಯುವ ಯಂತ್ರದ ಪರದೆಯ ಗೆರೆ ಹುಚ್ಚು ಹಿಡಿದಂತೆ ಮೇಲಕ್ಕೇರಿ ಅಲ್ಲೇ ಕೂತಿತು. ಸಾಹೇಬರು ಮದುವೆ ಗಂಡಿನಂತೆ ಬೀಗಿದರು. ಇಂಥ ಹಸಿರು ಇನ್ಯಾವ ಸಮುದ್ರದಲ್ಲೂ ಇಲ್ಲ, ಇದು ತಮ್ಮದೇ ಶೋಧ ಎಂದು ಪಕ್ಕದಲ್ಲೇ ಕೂತಿದ್ದ ಮೇಡಂ ಅವರ ತಲೆ ತಿಂದರು. ಹಸಿರಪ್ಪನಿಗೆ ಅನುಮಾನ ಬಂತು. ಬಾಯಿ ಬಿಡಲು ಬೆನ್ನುಮೂಳೆ ಬೇಕಲ್ಲ. ಆ ಗಾಬರಿಯಲ್ಲಿ ವಾಪಸು ಬರುವಾಗ ಯಂತ್ರ ಆರಿಸುವುದನ್ನೇ ಮರೆತ. ವಿಮಾನ ರನ್‌ವೇಗೆ ಇಳಿಯಿತು, ಗೆರೆ ಇಳಿಯಲಿಲ್ಲ.

ಮೇಡಂ ಕೇಳಿದರು: "ಏನ್ರೀ, ಸಿಮೆಂಟಲ್ಲೂ ಮೀನಿಗೆ ಮೇವು ಬೆಳೆಯುತ್ತಾ?"

"ಸಮುದ್ರದ ಗಾಳಿ ಬೀಸುತ್ತಲ್ಲ ಮೇಡಂ, ಒಂಚೂರು ಬಂದಿರುತ್ತೆ," ಎಂದರು ಸಾಹೇಬರು. ಇವರನ್ನೂ ಯಾರೋ ಪುಣ್ಯಾತ್ಮರು ಓದಿಸಿದ್ದರು.

ಹಸಿರಪ್ಪ ವಿಮಾನದ ಕೆಳಗೆ ನುಸುಳಿ ನೋಡಿದ. ಬೆಳಿಗ್ಗೆ ರನ್‌ವೇ ಪಕ್ಕ ಕತ್ತರಿಸಿದ ಹಸಿ ಹುಲ್ಲಿನ ಚೂರು, ಕ್ಷೌರದಂಗಡಿಯ ಬಟ್ಟೆಗೆ ಕೂದಲು ಮೆತ್ತಿದ ಹಾಗೆ, ಗಾಜಿನ ತುಂಬ. ಹಾರುವ ಮೊದಲೇ ಮೆತ್ತಿತ್ತು, ಒರೆಸಿದ್ದರೆ ಹೋಗುತ್ತಿತ್ತು; ದಾರಿಯುದ್ದಕ್ಕೂ ಅಳೆದದ್ದು ಅದನ್ನೇ. ಬೂಟಿನ ವಿಷಯ ನುಂಗಿಕೊಂಡು, ಹುಲ್ಲನ್ನು ಅಂಗೈಯಲ್ಲಿ ಹಿಡಿದು ಮೇಡಂ ಮುಂದೆ ನಿಂತ. ಈಗ ಬಾಯಿ ನಿಲ್ಲಬೇಕಲ್ಲ. ಹುಲ್ಲು ಒದ್ದೆಯಿದ್ದಾಗ ಕತ್ತರಿಸಬಾರದು, ಕತ್ತರಿಸಿದ್ದನ್ನು ಆಗಲೇ ಗುಡಿಸಬೇಕು, ಇಲ್ಲವಾದರೆ ಚಕ್ರಕ್ಕೆ ಸಿಕ್ಕಿ ಮೇಲೆ ಸಿಡಿಯುತ್ತದೆ ಎಂದು ಉಪನ್ಯಾಸವನ್ನೇ ಕೊಟ್ಟ.

ಮೇಡಂ ಮೆಚ್ಚಿದರು. "ಇವರಿನ್ನೂ ಖಾಯಂ ಆಗಿಲ್ವಾ? ಇವತ್ತೇ ಮಾಡಿ."

ಹಸಿರಪ್ಪನ ಕಣ್ಣು ತುಂಬಿತು. ಸಾಹೇಬರು ಹಲ್ಲು ಕಚ್ಚಿಕೊಂಡರು.

"ಹುಲ್ಲಿನ ವಿಷಯ ಇಷ್ಟು ಗೊತ್ತಿರೋರನ್ನ ವಿಮಾನದಲ್ಲಿ ಕೂರಿಸಿ ಹಾಳು ಮಾಡಿದ್ದೀರಲ್ರೀ," ಎಂದು ಮೇಡಂ ಮುಂದುವರಿಸಿದರು. "ಇನ್ಮೇಲೆ ಇಲ್ಲಿ ಹುಲ್ಲು ಕತ್ತರಿಸೋ ಕೆಲಸ ಇವರದ್ದೇ."

ಸಾಹೇಬರ ಮುಖ ಬೂಟಿಗಿಂತ ಹೊಳೆಯಿತು.

ಕೆಲಸವೇನೋ ಖಾಯಂ ಆಯಿತು, ಮನೆಗೆ ಹೋಗಲು ಅಡ್ಡಿಯಿರಲಿಲ್ಲ. ಆದರೂ ಬೀದಿಯವರೆಲ್ಲ ಬಾಗಿಲು ಹಾಕಿಕೊಳ್ಳಲಿ ಎಂದು ಹಸಿರಪ್ಪ ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಕೂತೇ ಇದ್ದ.